ಔಷಧಿ ಹೊಡೆದ ಟವಲು ಮನೆಯ ಬಟ್ಟೆಯೊಡನೆ ಬೇಡ

ಟವಲಿಲ್ಲದ ರೈತನನ್ನು ನಮ್ಮ ನಾಡಿನಲ್ಲಿ ಕಾಣುವುದು ಕಷ್ಟ. ಬಿಸಿಲಿಗೆ ತಲೆಗೆ ಸುತ್ತಲು, ಬೆವರು ಒರೆಸಲು, ಬುತ್ತಿ ಕಟ್ಟಲು, ಮರದ ನೆರಳಿನಲ್ಲಿ ಹಾಸಿ ಮಲಗಲು ಅದೇ ಬೇಕು. ವಲ್ಲಿ ಎನ್ನಿ, ಕರಾವಳಿಯವರಂತೆ ಬೈರಾಸು ಎನ್ನಿ, ಕೆಲಸ ಒಂದೇ. ಕೀಟನಾಶಕ ಸಿಂಪಡಿಸುವ ದಿನ ಇದೇ ಟವಲನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಳ್ಳುವುದು ರೂಢಿ. ಆ ಟವಲು ಸಂಜೆ ಮನೆಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ?

ಸಾಮಾನ್ಯವಾಗಿ ಪಡಸಾಲೆಯ ಗೂಟಕ್ಕೆ ಹೋಗುತ್ತದೆ. ಮರುದಿನ ಮನೆಯ ಚಾದರ, ದುಪ್ಪಟಿ, ಮಕ್ಕಳ ಅಂಗಿಗಳೊಡನೆ ಒಂದೇ ಬಕೀಟಿನಲ್ಲಿ ನೆನೆಯುತ್ತದೆ. ಒಗೆಯುವವರು ಮನೆಯ ಹೆಣ್ಣುಮಕ್ಕಳು. ಅವರು ಪಂಪು ಹೊತ್ತವರಲ್ಲ, ಡಬ್ಬಿ ಮುಟ್ಟಿದವರಲ್ಲ. ಆದರೂ ಬರಿಗೈಯಿಂದ ಆ ಬಟ್ಟೆಯನ್ನು ಕುಕ್ಕಿ, ಉಜ್ಜಿ, ಹಿಂಡುವಾಗ ವಿಷ ಅವರ ಕೈಗೂ ಹತ್ತುತ್ತದೆ. ಒಂದೇ ನೀರಿನಲ್ಲಿ ನೆನೆದಾಗ ಒಂದು ಬಟ್ಟೆಯ ವಿಷ ಇನ್ನೊಂದಕ್ಕೆ ದಾಟುವುದೂ ಪರೀಕ್ಷೆಗಳಿಂದ ದೃಢಪಟ್ಟಿದೆ.

ಬೆಳೆಗೆ ಕಾಯುವ ಅವಧಿ ಉಂಟು, ಬಟ್ಟೆಗೆ ಇಲ್ಲ

ಸಿಂಪಡಿಸಿದ ಮೇಲೆ ಇಂತಿಷ್ಟು ದಿನ ತರಕಾರಿ ಕೊಯ್ಯಬಾರದೆಂಬುದು ರೈತ ಬಾಂಧವರಿಗೆ ಗೊತ್ತಿರುವ ವಿಚಾರ. ಆ ದಿನಗಳಲ್ಲಿ ಎಲೆಯ ಮೇಲಿನ ವಿಷವನ್ನು ಬಿಸಿಲು ಒಡೆಯುತ್ತದೆ, ಮಳೆ ಇಬ್ಬನಿ ತೊಳೆಯುತ್ತವೆ, ಗಿಡ ಬೆಳೆದಂತೆ ಅದರ ಸಾಂದ್ರತೆ ಇಳಿಯುತ್ತದೆ, ನೆಲಕ್ಕೆ ಬಿದ್ದುದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕೊಳೆಸುತ್ತವೆ. ಮನೆಯೊಳಗೆ ಇವು ಯಾವುವೂ ಇಲ್ಲ. ಕತ್ತಲೆ ಕೋಣೆಯಲ್ಲಿ ಮಡಿಸಿಟ್ಟ ಕೌದಿಗೆ ಬಿಸಿಲಿಲ್ಲ, ಮಳೆಯಿಲ್ಲ, ಮಣ್ಣಿಲ್ಲ. ಹೊಲದಲ್ಲಿ ಕೆಲವೇ ದಿನಗಳಲ್ಲಿ ಕ್ಷೀಣಿಸುವ ವಿಷ ಮನೆಯೊಳಗಿನ ಬಟ್ಟೆಯಲ್ಲಿ ಅದಕ್ಕಿಂತ ಬಹಳ ಕಾಲ ಉಳಿಯಬಲ್ಲದು. ಚಾದರವನ್ನಾದರೂ ಆಗಾಗ ಒಗೆಯುತ್ತೇವೆ. ಕೌದಿಯನ್ನು ಹೊಳೆಗೋ ಕೆರೆಗೋ ಹೊತ್ತು ಒಗೆಯುವುದು ವರ್ಷಕ್ಕೆ ಒಂದೆರಡು ಸಲ. ಹಾಸಿಗೆಯ ಹತ್ತಿಯನ್ನಂತೂ ಒಗೆಯುವಂತೆಯೇ ಇಲ್ಲ. ಆದುದರಿಂದ ಔಷಧಿ ಹೊಡೆದು ಬಂದವರು ಸ್ನಾನ ಮಾಡದೆ ಹಾಸಿಗೆಯ ಮೇಲೆ ಕೂರುವುದು ಸಹ ಸಲ್ಲದು.

ಮುಖಕ್ಕೆ ಕಟ್ಟಿದ ಟವಲಿನ ಬಗ್ಗೆ ಇನ್ನೊಂದು ಮಾತು. ಅದು ಧೂಳನ್ನು ಸ್ವಲ್ಪ ತಡೆದೀತು, ವಿಷದ ಆವಿಯನ್ನು ತಡೆಯುವುದಿಲ್ಲ. ಬೆವರು ಮತ್ತು ತುಂತುರಿನಿಂದ ತೊಯ್ದ ಮೇಲೆ ವಿಷವನ್ನು ಮುಖಕ್ಕೆ ಒತ್ತಿ ಹಿಡಿದ ಪಟ್ಟಿಯಂತಾಗುತ್ತದೆ. ಚರ್ಮ ಎಲ್ಲೆಡೆ ಒಂದೇ ಸಮನಾಗಿ ವಿಷ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಕುರಿತು 1971ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಂಗೈಯ ಚರ್ಮ ಶೇಕಡ 9ಕ್ಕಿಂತ ಕಡಿಮೆ ಹೀರಿದ್ದರೆ, ಹಣೆಯ ಚರ್ಮ ಶೇಕಡ 36ರಷ್ಟು ಹೀರಿತ್ತು. ತೊಡೆಸಂದಿನ ವೃಷಣದ ಚರ್ಮವಂತೂ ಮುಂಗೈಗಿಂತ ಹತ್ತು ಪಟ್ಟಿಗೂ ಹೆಚ್ಚು. ಸೋರುವ ಪಂಪಿನಿಂದ ಒದ್ದೆಯಾದ ಚಡ್ಡಿ, ಲುಂಗಿಗಳನ್ನು ದಿನವಿಡೀ ಉಟ್ಟಿರುವವರು ಇದನ್ನು ನೆನಪಿನಲ್ಲಿಡಬೇಕು.

2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆದವರಲ್ಲಿ ಸುಮಾರು 20 ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಗಿಡಗಳು ಆಳೆತ್ತರ ಬೆಳೆದಿದ್ದವು. ಸಿಂಪಡಣೆ ಮುಖದ ಮಟ್ಟದಲ್ಲಿ ನಡೆಯಿತು, ಮೈಮೇಲಿನ ಬಟ್ಟೆ ತೊಯ್ದು ಹೋಗುತ್ತಿತ್ತು. ನಮ್ಮ ಹತ್ತಿ, ತೊಗರಿಯ ಹೊಲಗಳಲ್ಲಿಯೂ ಗಿಡ ಎದೆಮಟ್ಟ ಮೀರಿದಾಗ ಇದೇ ಪರಿಸ್ಥಿತಿ.

ಇ.ಸಿ. ಎಂಬ ಎರಡಕ್ಷರ

ಉತ್ತರ ಕರ್ನಾಟಕದ ರೈತರು ಔಷಧಿ ಹೊಡೆಯುವುದನ್ನು ‘ಎಣ್ಣೆ ಹೊಡೆಯುವುದು’ ಎನ್ನುತ್ತಾರೆ. ‘ಔಷಧಿ’ ಎಂಬ ಮಾತಿಗಿಂತ ಇದೇ ಸತ್ಯಕ್ಕೆ ಹತ್ತಿರ. ಡಬ್ಬಿಯ ಮೇಲೆ ‘20 ಇ.ಸಿ.’, ‘25 ಇ.ಸಿ.’ ಎಂದು ಬರೆದಿದ್ದರೆ, ವಿಷವನ್ನು ಎಣ್ಣೆಯಂತಹ ದ್ರಾವಕದಲ್ಲಿ ಕರಗಿಸಿದ್ದಾರೆಂದು ಅರ್ಥ. ನೀರಿಗೆ ಹಾಕಿದಾಗ ಅದು ಹಾಲಿನಂತಾಗುತ್ತದೆಯೇ ಹೊರತು ನೀರಿನಲ್ಲಿ ಕರಗುವುದಿಲ್ಲ. ಬಟ್ಟೆಗೆ ಬಿದ್ದಾಗ ಎಣ್ಣೆಯ ಕಲೆಯಂತೆಯೇ ನೂಲಿನೊಳಗೆ ಇಳಿದು ಕೂರುತ್ತದೆ. ಎಣ್ಣೆಯ ಕಲೆ ತಣ್ಣೀರಿಗೆ ಬಿಡುವುದಿಲ್ಲವೆಂಬುದನ್ನು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ, ನೀರಿನಲ್ಲಿ ಬೆರೆಸುವ ಪುಡಿಯಾದರೆ (ಡಬ್ಲ್ಯು.ಪಿ.) ಧೂಳಿನಂತೆ ಮೇಲೆ ಕೂತಿರುತ್ತದೆ, ಜಾಲಿಸಿದಾಗ ಬಹುಪಾಲು ಹೋಗುತ್ತದೆ.

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನವರ ಬಟ್ಟೆ ನೀಲಿಯಾಗುತ್ತದೆ. ಆ ಕಲೆಗೆ ಎಲ್ಲರೂ ಬೇಸರಪಡುತ್ತಾರೆ. ಅದು ತಾಮ್ರದ ಕಲೆ, ಹುಣಸೆಹುಳಿಗೋ ನಿಂಬೆರಸಕ್ಕೋ ಸಾಕಷ್ಟು ಬಿಡುತ್ತದೆ. ಹೆಚ್ಚು ಅಪಾಯವಿರುವುದು ಬಣ್ಣವೂ ಕಲೆಯೂ ಕಾಣದ ಕೀಟನಾಶಕಗಳಲ್ಲಿ. ಬಟ್ಟೆ ನೋಡಲು ಸ್ವಚ್ಛವಾಗಿದೆ, ವಾಸನೆ ಇಲ್ಲ ಎಂದ ಮಾತ್ರಕ್ಕೆ ವಿಷ ಹೋಗಿದೆಯೆಂದು ತಿಳಿಯಬಾರದು.

ಒಗೆಯುವ ಕ್ರಮ

ಔಷಧಿ ಹೊಡೆದ ದಿನವೇ ಒಗೆಯಬೇಕು. ಬಟ್ಟೆ ಒಣಗಿ ಎರಡು ಮೂರು ದಿನ ಬಿದ್ದಿದ್ದರೆ ವಿಷ ಗಟ್ಟಿಯಾಗಿ ಹಿಡಿಯುತ್ತದೆ. ‘ನಾಳೆಯೂ ಹೊಡೆಯುವುದಿದೆ, ಒಟ್ಟಿಗೆ ಒಗೆದರಾಯಿತು’ ಎಂದು ಅದೇ ಅಂಗಿಯನ್ನು ಮತ್ತೆ ತೊಡುವುದು ಇನ್ನೂ ಕೆಟ್ಟದ್ದು. ನಿನ್ನೆಯ ವಿಷ ಇಂದಿನ ಬೆವರಿನಲ್ಲಿ ಕದಡಿ ಮೈಗೆ ಇಳಿಯುತ್ತದೆ. ಸಾಧ್ಯವಾದರೆ ತೋಟದ ಮನೆಯಲ್ಲಿಯೇ ಬಟ್ಟೆ ಬದಲಿಸಿ, ತೆಗೆದುದನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ತರಬೇಕು. ಜೇಬು, ತೋಳಿನ ಮಡಿಕೆಗಳನ್ನು ಬಿಡಿಸಿರಬೇಕು. ಕೊಟ್ಟಿಗೆಯ ಗೂಟಕ್ಕೆ ನೇತುಹಾಕಬಾರದು. ಬೆವರಿನ ಉಪ್ಪಿಗೆ ದನ ಅದನ್ನು ನೆಕ್ಕುತ್ತದೆ.

ಮೊದಲು ಬರೀ ನೀರು. ಇದಕ್ಕಾಗಿಯೇ ಇಟ್ಟ ಬಕೀಟಿನಲ್ಲಿ ಬಟ್ಟೆ ಮುಳುಗುವಷ್ಟು ನೀರು ಹಾಕಿ ಕೋಲಿನಿಂದ ಆಡಿಸಿ ಚೆಲ್ಲಬೇಕು. ಮತ್ತೊಮ್ಮೆ ಹೊಸ ನೀರು ಹಾಕಿ ಹಾಗೆಯೇ ಮಾಡಬೇಕು. ಒಗೆಯುವ ಕೆಲಸದ ಒಂದು ದೊಡ್ಡ ಭಾಗ ಇಲ್ಲಿಯೇ ಮುಗಿಯುತ್ತದೆ. ಈ ನೀರನ್ನು ಬಾವಿ, ಕೊಳವೆ ಬಾವಿ, ದನ ನೀರು ಕುಡಿಯುವ ತೊಟ್ಟಿಗಳಿಂದ ದೂರದ ಪಾಳು ಜಾಗಕ್ಕೆ ಚೆಲ್ಲಬೇಕು. ಕಾಲುವೆಯಲ್ಲಾಗಲಿ ಕೆರೆಯಲ್ಲಾಗಲಿ ಈ ಬಟ್ಟೆಯನ್ನು ಎಂದಿಗೂ ಒಗೆಯಬಾರದು. ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಮೀನನ್ನು ಕೊಲ್ಲುತ್ತವೆ.

ಅನಂತರ ಬಿಸಿನೀರು. 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ. ಉಷ್ಣಮಾಪಕವಿಲ್ಲದವರಿಗೆ ಹೇಳುವುದಾದರೆ, ಕೈ ಇಟ್ಟರೆ ತಡೆಯಲಾರದಷ್ಟು ಬಿಸಿ. ಆದ್ದರಿಂದ ಇಲ್ಲಿಯೂ ಕೋಲನ್ನೇ ಬಳಸಬೇಕು. ಸೋಪಿನ ಪುಡಿಯನ್ನು ಜಿಪುಣತನ ಮಾಡದೆ ಹಾಕಿ, ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆಯಬೇಕು. ಕೈಗೆ ರಬ್ಬರ್ ಗವಸು ಬೇಕು. ಇ.ಸಿ. ಹೊಡೆದ ಬಟ್ಟೆಯನ್ನು ಇದೇ ರೀತಿ ಎರಡನೆಯ ಬಾರಿಯೂ ಒಗೆಯತಕ್ಕದ್ದು.

ಬಯಲುಸೀಮೆಯ ಕೊಳವೆ ಬಾವಿಗಳ ನೀರು ಬಹಳಷ್ಟು ಕಡೆ ಗಡಸು. ಅದರಲ್ಲಿನ ಸುಣ್ಣ ಮತ್ತು ಮೆಗ್ನೀಷಿಯಂ ಲವಣಗಳು ಬಾರ್ ಸೋಪಿನೊಡನೆ ಸೇರಿ ಬಿಳಿಯ ಗಸಿಯಾಗುತ್ತವೆ. ಸೋಪು ಕರಗುತ್ತದೆ, ನೊರೆ ಬರುವುದಿಲ್ಲ, ಗಸಿ ಬಟ್ಟೆಯಲ್ಲಿಯೇ ಕೂರುತ್ತದೆ. ಇಂತಹ ನೀರಿಗೆ ಡಿಟರ್ಜೆಂಟ್ ಪುಡಿಯೇ ಸರಿ. ಬಕೀಟಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಮೊದಲು ಹಾಕಿದರೆ ನೀರು ಮೆದುವಾಗುತ್ತದೆ. ಬ್ಲೀಚಿಂಗ್ ಪುಡಿಯಿಂದ ವಿಷ ಹೋಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಅದನ್ನು ಆಮ್ಲದೊಡನೆ ಅಥವಾ ಅಮೋನಿಯಾದೊಡನೆ ಬೆರೆಸಿದರೆ ವಿಷಾನಿಲ ಏಳುವುದು ಮಾತ್ರ ನಿಜ.

ಈಗ ಹಳ್ಳಿಗಳಲ್ಲಿಯೂ ಬಟ್ಟೆ ಒಗೆಯುವ ಯಂತ್ರಗಳು ಬಂದಿವೆ. ಈ ಬಟ್ಟೆಗಳನ್ನು ಯಂತ್ರಕ್ಕೆ ಹಾಕುವುದಾದರೆ ಕೆಲವೇ ಬಟ್ಟೆ, ತುಂಬ ನೀರು ಇರಬೇಕು. ಮುಗಿದ ಮೇಲೆ ಯಂತ್ರವನ್ನು ಬರಿದಾಗಿ, ಬಿಸಿನೀರು ಮತ್ತು ಸೋಪಿನ ಪುಡಿ ಹಾಕಿ ಒಮ್ಮೆ ನಡೆಸಿದ ನಂತರವೇ ಮನೆಯ ಬಟ್ಟೆ ಹಾಕಬೇಕು. ಮಡಿವಾಳರಿಗೆ ಕೊಡುವವರು ಇದು ಔಷಧಿ ಹೊಡೆದ ಬಟ್ಟೆಯೆಂದು ತಿಳಿಸಿಯೇ ಕೊಡಬೇಕು. ತಿಳಿಸದೆ ಗಂಟಿನೊಳಗೆ ಸೇರಿಸುವುದು ಅನ್ಯಾಯ.

ಒಣಹಾಕಲು ಬೇರೆ ಹಗ್ಗ, ಬಯಲಿನ ಬಿಸಿಲು. ಬಿಸಿಲಿನ ಅತಿನೇರಳೆ ಕಿರಣಗಳು ಉಳಿದ ವಿಷದ ಒಂದು ಪಾಲನ್ನು ಒಡೆಯುತ್ತವೆ.

ಗಂಜಿಯ ಉಪಯೋಗ

ಖರ್ಚಿಲ್ಲದ ಒಂದು ಉಪಾಯವನ್ನು ಇಲ್ಲಿ ಹೇಳಬೇಕು. ಸಿಂಪಡಣೆಗೆ ತೊಡುವ ಹತ್ತಿಯ ತುಂಬುತೋಳಿನ ಅಂಗಿ ಮತ್ತು ಪ್ಯಾಂಟಿಗೆ ಒಗೆದಾಗಲೆಲ್ಲ ಗಂಜಿ ಹಾಕಿ ಒಣಗಿಸಿರಿ. ಗಂಜಿಯ ಪಿಷ್ಟ ನೂಲಿನ ಮೇಲೆ ಪದರವಾಗಿ ಕೂತು ವಿಷವನ್ನು ತಾನು ಹಿಡಿದುಕೊಳ್ಳುತ್ತದೆ. ಬಿಸಿನೀರಿನಲ್ಲಿ ಒಗೆದಾಗ ಪಿಷ್ಟ ಬಿಡುತ್ತದೆ, ಜೊತೆಗೆ ವಿಷವೂ ಹೊರಡುತ್ತದೆ. ಇದು ಪರೀಕ್ಷೆಗಳಲ್ಲಿ ಕಂಡುಬಂದ ಸಂಗತಿ. ಮದುವೆಯ ಪಂಚೆಗೆ ಹಾಕುವ ಗಂಜಿಯನ್ನು ಸಿಂಪಡಣೆಯ ಅಂಗಿಗೆ ಹಾಕಿರೆಂದರೆ ನಗುವವರಿದ್ದಾರೆ, ನಗಲಿ. ಆದರೆ ಗಂಜಿ ಹಾಕಿದ ಅಂಗಿ ರಬ್ಬರ್ ಏಪ್ರನ್ನಿನ ಬದಲಿಯಲ್ಲ. ಡಬ್ಬಿಯಿಂದ ನೇರವಾಗಿ ಚೆಲ್ಲಿದ ವಿಷವನ್ನು ಅದು ತಡೆಯದು.

ಯಾರ ಹೊಣೆ

1971ರ ಕೀಟನಾಶಕ ನಿಯಮಗಳು ರಕ್ಷಣಾ ಉಡುಪು ಪ್ರತಿ ಬಳಕೆಯ ನಂತರ ಒಗೆಯಲು ಬರುವಂತಿರಬೇಕೆಂದು ಹೇಳುತ್ತವೆ. ಕೂಲಿಗೆ ಪಂಪು ಹೊರುವ ಎಷ್ಟೋ ಮಂದಿಗೆ ಇರುವುದೇ ಒಂದು ಟವಲು. ಅದನ್ನೇ ಮುಖಕ್ಕೆ ಕಟ್ಟಿ, ಅದರಲ್ಲಿಯೇ ರೊಟ್ಟಿ ಕಟ್ಟಿ, ರಾತ್ರಿ ಅದನ್ನೇ ಹೊದೆಯುವವನಿಗೆ ‘ಬೇರೆ ಒಗೆ’ ಎಂದು ಉಪದೇಶಿಸಿ ಫಲವಿಲ್ಲ. ಒಂದು ಜೊತೆ ಅಂಗಿ ಪ್ಯಾಂಟು, ಒಂದು ಟವಲು, ಮಾಸ್ಕು, ಗವಸು, ಕೆಲಸ ಮುಗಿದ ಮೇಲೆ ಸ್ನಾನಕ್ಕೆ ನೀರು ಮತ್ತು ಸೋಪು, ಇವನ್ನು ಹೊಲದ ಮಾಲೀಕರೇ ಒದಗಿಸಬೇಕು. ಈ ಬಟ್ಟೆಗಳು ಮಾಲೀಕರ ತೋಟದ ಮನೆಯಲ್ಲಿಯೇ ಉಳಿದು ಅಲ್ಲಿಯೇ ಒಗೆಯಲ್ಪಡುವುದು ಇನ್ನೂ ಒಳ್ಳೆಯದು. ಅಂಚಿಗೆ ಕೆಂಪು ದಾರದಿಂದ ಗುರುತು ಹೊಲಿದಿಟ್ಟರೆ ಮನೆಯ ಬಟ್ಟೆಯೊಡನೆ ಬೆರೆಯುವುದಿಲ್ಲ.

ಸಿಂಪಡಿಸಿದವರಿಗಾಗಲಿ ಬಟ್ಟೆ ಒಗೆದವರಿಗಾಗಲಿ ತಲೆನೋವು, ವಾಕರಿಕೆ, ಮಿತಿಮೀರಿದ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು ಕಂಡುಬಂದರೆ ಬಟ್ಟೆ ತೆಗೆಸಿ, ಮೈಯನ್ನು ಸೋಪು ಹಚ್ಚಿ ತೊಳೆದು, ಡಬ್ಬಿಯ ಚೀಟಿಯೊಡನೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ನೀರು ಬೆರೆಸದ ಮೂಲ ವಿಷ ಬಟ್ಟೆಯ ಮೇಲೆ ಚೆಲ್ಲಿದ್ದರೆ, ವಿಶೇಷವಾಗಿ ಡಬ್ಬಿಯ ಮೇಲೆ ಕೆಂಪು ಅಥವಾ ಹಳದಿ ತ್ರಿಕೋನವಿದ್ದರೆ, ಆ ಬಟ್ಟೆಯನ್ನು ಒಗೆಯುವ ಗೋಜಿಗೆ ಹೋಗಬಾರದು. ಎಷ್ಟು ಸಲ ಒಗೆದರೂ ಸಾಕಷ್ಟು ವಿಷ ಉಳಿಯುತ್ತದೆ. ಅದನ್ನು ಒಲೆಗೆ ಹಾಕದೆ, ಬಾವಿಯಿಂದ ದೂರ ಆಳವಾಗಿ ಹೂಳಬೇಕು. ಹರಿದ ಹಳೆಯ ಸಿಂಪಡಣೆ ಟವಲಿನ ಗತಿಯೂ ಇದೇ ಆಗಬೇಕು. ನಮ್ಮ ಮನೆಗಳಲ್ಲಿ ಹಳೆಯ ಬಟ್ಟೆಯನ್ನು ಎಸೆಯುವ ಪದ್ಧತಿಯಿಲ್ಲ. ಟವಲು ಹರಿದರೆ ಅಡಿಗೆಮನೆಯ ಮಸಿಬಟ್ಟೆಯಾಗುತ್ತದೆ, ಕೌದಿಯ ಒಳಪದರವಾಗುತ್ತದೆ, ತೊಟ್ಟಿಲಿನ ಕೂಸಿನ ಅಡಿಗೂ ಹೋಗುತ್ತದೆ. ಕೆಂಪು ದಾರದ ಗುರುತಿರುವ ಟವಲು ಹರಿದಾಗ ಈ ಮೂರರಲ್ಲಿ ಯಾವುದಕ್ಕೂ ಸೇರದಂತೆ ಮನೆಯ ಹಿರಿಯರಿಗೆ ಮೊದಲೇ ಹೇಳಿಡಿ.