ಒಂದರ ತಲೆಯ ಮೇಲಿನ ಗೆರೆ

ಕಳೆದ ಭಾನುವಾರ, ಪಿಯುಸಿ ಓದುವ ಮೊಮ್ಮಗಳು ನನ್ನ ಹಳೆಯ ಲಾಗ್ ಟೇಬಲ್ ಪುಸ್ತಕ ಹಿಡಿದು ಬಂದಳು. “ತಾತಾ, ಇದರ ಅಂಚಿನಲ್ಲಿ 0.5ರ ಲಾಗ್ ‘ಬಾರ್ 1.6990’ ಅಂತ ಬರೆದಿದ್ದೀರಿ. ಕ್ಯಾಲ್ಕುಲೇಟರ್ ಮೈನಸ್ 0.3010 ಅನ್ನುತ್ತೆ. ಯಾರದು ತಪ್ಪು?”

ಎರಡೂ ಸರಿ. ಅದು ತಿಳಿಯದೆ ನಾನು ಬಿ.ಕಾಂ. ಓದುವಾಗ ಒಂದು ಲೆಕ್ಕಕ್ಕೆ ಸೊನ್ನೆ ತೆಗೆದುಕೊಂಡಿದ್ದೆ. ಯಂತ್ರವೊಂದರ ಬೆಲೆ ಪ್ರತಿ ವರ್ಷ ಆಗ ಇರುವ ಬೆಲೆಯಲ್ಲಿ ಶೇ. 10ರಷ್ಟು ಇಳಿದರೆ, ಅರ್ಧಕ್ಕೆ ಬರಲು ಎಷ್ಟು ವರ್ಷ? 0.5ರ ಲಾಗನ್ನು 0.9ರ ಲಾಗಿನಿಂದ ಭಾಗಿಸಬೇಕು. ಅಂದರೆ ಬಾರ್ 1.6990 ಮತ್ತು ಬಾರ್ 1.9542. ಒಂದರ ಮೇಲಿನ ಗೆರೆ ಇಡೀ ಸಂಖ್ಯೆಗೆ ಮೈನಸ್ ಎಂದುಕೊಂಡೆ. ಉತ್ತರ 0.87 ವರ್ಷ! ವರ್ಷಕ್ಕೆ ನೂರಕ್ಕೆ ಹತ್ತು ಇಳಿಯುವ ಯಂತ್ರ, ವರ್ಷ ತುಂಬುವ ಮೊದಲೇ ಅರ್ಧ ಬೆಲೆಗೆ ಬಂದಿತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಹಾಕಿದರು. ಏಕೆಂದು ಕೇಳಲು ನನಗೆ ನಾಚಿಕೆ.

ಮೊಮ್ಮಗಳಿಗೆ ನಾಚಿಕೆಯಿಲ್ಲ, ಒಳ್ಳೆಯದೇ. ಕಾಗದ ತೆಗೆದುಕೊಂಡು ಕೂತೆವು.

ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಾಗರಿದಮ್‌ಗಳನ್ನು ಪ್ರಕಟಿಸಿದ. 10ನ್ನು ಆಧಾರವಾಗಿಟ್ಟ ಕೋಷ್ಟಕಗಳನ್ನು ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್ ತಯಾರಿಸಿದ. ಅದರಂತೆ 100ರ ಲಾಗ್ 2, 10ರ ಲಾಗ್ 1. ಸಂಖ್ಯೆಯನ್ನು ಹತ್ತರಿಂದ ಭಾಗಿಸಿದಾಗಲೆಲ್ಲ ಲಾಗ್ ಒಂದು ಮೆಟ್ಟಿಲು ಇಳಿಯುತ್ತದೆ. ಹಾಗಾಗಿ 1ರ ಲಾಗ್ 0. ಇನ್ನೂ ಇಳಿದರೆ 0.1ರ ಲಾಗ್ ಮೈನಸ್ 1, 0.01ರ ಲಾಗ್ ಮೈನಸ್ 2.

ಮಕ್ಕಳೇ, ಗುಟ್ಟು ಇಷ್ಟೇ: ಸೊನ್ನೆಗೂ ಒಂದಕ್ಕೂ ನಡುವಿನ ಸಂಖ್ಯೆಯ ಲಾಗ್ ಋಣ. ಸಂಖ್ಯೆ ಮಾತ್ರ ಧನವೇ. ಎಷ್ಟು ಸಲ ಹತ್ತರಿಂದ ಭಾಗಿಸಿದರೂ ಅದು ಸೊನ್ನೆ ಮುಟ್ಟುವುದಿಲ್ಲ. ಆದ್ದರಿಂದಲೇ ಶಾಲೆಯ ಲೆಕ್ಕದಲ್ಲಿ ಸೊನ್ನೆಗಾಗಲಿ, ಋಣ ಸಂಖ್ಯೆಗಾಗಲಿ ಲಾಗ್ ಇಲ್ಲ.

“ಹಾಗಾದರೆ ಆ ಗೆರೆ?” ಎಂದಳು.

50ರ ಲಾಗ್ 1.6990, 5ರ ಲಾಗ್ 0.6990. ದಶಮಾಂಶದ ನಂತರದ ಅಂಕಿಗಳು ಬದಲಾಗುವುದಿಲ್ಲ, ಆದ್ದರಿಂದ ಟೇಬಲ್‌ನಲ್ಲಿ ಅವನ್ನು ಒಂದೇ ಸಲ ಅಚ್ಚು ಹಾಕಿದರೆ ಸಾಕು. 0.5ಕ್ಕೆ ಇನ್ನೊಂದು ಮೆಟ್ಟಿಲು ಇಳಿದಾಗ 0.6990ರಲ್ಲಿ 1 ಕಳೆಯಬೇಕು. ಕಳೆಯುವುದು ಆ ಒಂದನ್ನು ಮಾತ್ರ ಎಂದು ತೋರಿಸಲು ಅದರ ತಲೆಯ ಮೇಲೆ ಗೆರೆ.

ನಾನು ಬ್ಯಾಂಕಿನವನಲ್ಲವೇ, ಹೀಗೆ ಹೇಳಿದೆ: “ನಿನಗೆ ಒಂದು ರೂಪಾಯಿ ಸಾಲವಿದೆ. ಕೈಯಲ್ಲಿ 69.9 ಪೈಸೆ ಇದೆ. ಕೊಟ್ಟುಬಿಟ್ಟರೆ ಉಳಿಯುವ ಸಾಲ ಎಷ್ಟು?”

“30.1 ಪೈಸೆ! ಅದೇ ಮೈನಸ್ 0.3010!”

ಅದೇ ರೀತಿ 0.9ರ ಲಾಗ್ ಮೈನಸ್ 0.0458. ಋಣವನ್ನು ಋಣದಿಂದ ಭಾಗಿಸಿದರೆ ಧನ. ಅವಳೇ ಭಾಗಿಸಿ, “ಸುಮಾರು ಆರೂವರೆ ವರ್ಷ ತಾತಾ” ಎಂದಳು. ನನ್ನ ಯಂತ್ರ ಕೊನೆಗೂ ನಿಧಾನವಾಗಿ ಹಳೆಯದಾಯಿತು.

ಆಮೇಲೆ ಪುಸ್ತಕದ ಅಂಚಿನಲ್ಲಿ, ನನ್ನ ಬಾರ್ 1.6990ರ ಪಕ್ಕ ತನ್ನ −0.3010 ಬರೆದು, ನಡುವೆ ಸಮ ಚಿಹ್ನೆ ಹಾಕಿದಳು.