ಜೋಗಿಮಟ್ಟಿಯಲ್ಲಿ ಹಿಮ ಬೀಳುತ್ತದೆಯೇ? ಬೆಟ್ಟದ ಚಳಿ ರಾತ್ರಿಯಲ್ಲಿ ನಿಜವಾದ ಅಪಾಯ ಯಾವುದು?

ಚಳಿಗಾಲ ಶುರುವಾದರೆ ಸಾಕು, ಬೆಳ್ಳಗೆ ಮುಚ್ಚಿಹೋದ ಬೆಟ್ಟ, ನಡುವೆ ಒಂದು ಪುಟ್ಟ ಮನೆ, ಕಿಟಕಿಯಲ್ಲಿ ದೀಪ ಇರುವ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಕೆಳಗೆ ನಮ್ಮದೇ ಯಾವುದೋ ಬೆಟ್ಟದ ಹೆಸರು. ‘ಕಾಶ್ಮೀರಕ್ಕೆ ಯಾಕೆ ಹೋಗಬೇಕು?’ ಎಂಬ ಒಂದು ಸಾಲು. ಬಯಲುಸೀಮೆಯ ಊಟಿ ಎಂದೇ ಹೆಸರಾದ ಚಿತ್ರದುರ್ಗದ ಜೋಗಿಮಟ್ಟಿಯ ಬಗ್ಗೆ ಇದೇ ಪ್ರಶ್ನೆ ಕೇಳಿ ನೋಡೋಣ. ಅಲ್ಲಿ ಹಿಮ ಬೀಳುತ್ತದೆಯೇ?

ಚುಟುಕಾಗಿ ಹೇಳುವುದಾದರೆ, ಇಲ್ಲ. ಆದರೆ ಅಲ್ಲಿ ನಡುಕ ಹುಟ್ಟಿಸುವ ಚಳಿ ಇರುವುದು ನಿಜ. ಆ ಚಳಿಯಿಂದ ತಪ್ಪಿಸಿಕೊಳ್ಳಲು ಜನ ಮಾಡುವ ಒಂದು ಕೆಲಸ ಚಳಿಗಿಂತ ಅಪಾಯಕಾರಿ ಎನ್ನುವುದೂ ನಿಜ. ಒಂದೊಂದಾಗಿ ನೋಡೋಣ.

ಜೋಗಿಮಟ್ಟಿ ಎಷ್ಟು ಎತ್ತರದಲ್ಲಿದೆ?

ಚಿತ್ರದುರ್ಗ ಪೇಟೆಯಿಂದ ತಿಮ್ಮಣ್ಣನಾಯಕನ ಕೆರೆ, ಆಡುಮಲ್ಲೇಶ್ವರದ ಕಿರು ಮೃಗಾಲಯದ ಕಡೆ ಹೋಗುವ ದಾರಿಯಲ್ಲೇ ಮುಂದೆ ಹತ್ತಿದರೆ ಜೋಗಿಮಟ್ಟಿ ಸಿಗುತ್ತದೆ. ಸುತ್ತ ಹುಲ್ಲುಗಾವಲಿನ ಗುಡ್ಡಗಳು, ಕುರುಚಲು ಕಾಡು, ದೂರದ ಸಾಲುಗಳಲ್ಲಿ ಗಾಳಿಯಂತ್ರಗಳು. ಮೇಲೆ ಬ್ರಿಟಿಷರ ಕಾಲದ ಬಂಗಲೆ ಇದೆ. 2015ರಲ್ಲಿ ಈ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಚಿರತೆ, ಕರಡಿಗಳ ಜಾಗ ಇದು.

ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 3,800 ಅಡಿ, ಅಂದರೆ ಹೆಚ್ಚುಕಡಿಮೆ 1,150 ಮೀಟರ್ ಎತ್ತರದಲ್ಲಿದೆ. ಚಿತ್ರದುರ್ಗ ಪೇಟೆಯೇ 700 ಮೀಟರ್‌ಗಿಂತ ಮೇಲಿದೆ. ಹಾಗಾಗಿ ನಾವು ಪೇಟೆಯಿಂದ ನಿಜಕ್ಕೂ ಹತ್ತುವುದು 400 ಮೀಟರ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೆ.

ಲೆಕ್ಕ ಏನು ಹೇಳುತ್ತದೆ?

ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕ ಪ್ರತಿ 1,000 ಮೀಟರ್‌ಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್. ಈ ಲೆಕ್ಕದಲ್ಲಿ ಜೋಗಿಮಟ್ಟಿ ಪೇಟೆಗಿಂತ ಹೆಚ್ಚೆಂದರೆ ಮೂರು ಡಿಗ್ರಿ ತಣ್ಣಗಿರಬಹುದು. ಪೇಟೆಯಲ್ಲಿ 12 ಡಿಗ್ರಿ ಇರುವ ಕಟುಚಳಿಯ ರಾತ್ರಿ ಎಂದು ಹಿಡಿದರೂ ಮೇಲೆ 9 ಡಿಗ್ರಿ. ಹಿಮ ನೆಲದ ಮೇಲೆ ಉಳಿಯಬೇಕಾದರೆ ಗಾಳಿಯ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಬರಬೇಕು.

ನಮ್ಮ ಭಾಗದ ಆಕಾಶದಲ್ಲಿ ಸೊನ್ನೆ ಡಿಗ್ರಿ ಸಿಗುವುದು ಚಳಿಗಾಲದಲ್ಲೂ ಸಾಮಾನ್ಯವಾಗಿ 4,000 ಮೀಟರ್‌ಗಿಂತ ಮೇಲೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಇಡೀ ದಕ್ಷಿಣ ಭಾರತಕ್ಕೇ ಎತ್ತರವಾದ ಕೇರಳದ ಆನಮುಡಿ 2,695 ಮೀಟರ್. ಇವೆರಡೂ ಮುಟ್ಟದ ಎತ್ತರವನ್ನು ಜೋಗಿಮಟ್ಟಿ ಹೇಗೆ ಮುಟ್ಟೀತು?

ಜೊತೆಗೆ ಹಿಮಕ್ಕೆ ಚಳಿಯಷ್ಟೇ ಸಾಲದು, ಮೋಡವೂ ಬೇಕು. ಚಿತ್ರದುರ್ಗ ರಾಜ್ಯದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲೊಂದು. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಆಕಾಶ ಬಹುಪಾಲು ಖಾಲಿಯೇ ಇರುತ್ತದೆ.

ಹಾಗಾದರೆ ಫೋಟೊದಲ್ಲಿ ಕಾಣುವ ಬಿಳಿ ಏನು?

ಗೊಂದಲದ ಒಂದು ಪಾಲು ನಮ್ಮ ಭಾಷೆಯಲ್ಲೇ ಇದೆ. ‘ಮಂಜು ಕವಿದಿದೆ’ ಎಂದರೆ ದಾರಿ ಕಾಣದಂತೆ ಕವಿಯುವ ತೇವದ ಹೊಗೆ. ‘ರಾತ್ರಿ ಮಂಜು ಬಿದ್ದಿದೆ’ ಎಂದರೆ ಇಬ್ಬನಿ. ‘ಮಂಜುಗಡ್ಡೆ’ ಎಂದರೆ ಐಸು. ಹಿಮಾಲಯದಲ್ಲಿ ಹತ್ತಿಯಂತೆ ಉದುರುವುದಕ್ಕೂ ಕೆಲವರು ಮಂಜು ಎಂದೇ ಹೇಳುತ್ತಾರೆ. ಮಡಿಕೇರಿ ‘ಮಂಜಿನ ನಗರಿ’ಯಾದದ್ದು ಕವಿಯುವ ಮಂಜಿನಿಂದ. ಚಾಮರಾಜನಗರ ಜಿಲ್ಲೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಿನಲ್ಲಿ ಹಿಮವೇ ಇದ್ದರೂ ಅಲ್ಲಿ ಕಾಣುವುದು ಅದೇ ಮಂಜು. ‘ಜೋಗಿಮಟ್ಟಿಯಲ್ಲಿ ಮಂಜು ಬೀಳುತ್ತದೆ’ ಎಂಬ ಸರಿಯಾದ ಮಾತು ನಾಲ್ಕು ಗುಂಪು ದಾಟುವಷ್ಟರಲ್ಲಿ ‘ಸ್ನೋ ಬೀಳುತ್ತದೆ’ ಎಂದಾಗಲು ಹೆಚ್ಚು ಹೊತ್ತು ಬೇಡ.

ಬಿಳಿಯಾಗಿ ಕಾಣುವ ಮೂರು ಬೇರೆ ಬೇರೆ ಸಂಗತಿಗಳಿವೆ.

ಕವಿಯುವ ಮಂಜು: ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರಿದಾಗ ತಣ್ಣಗಾಗಿ ಸಣ್ಣ ಹನಿಗಳಾಗುತ್ತದೆ. ಕೆಳಗಿನಿಂದ ನೋಡಿದರೆ ಅದು ಮೋಡ, ಒಳಗೆ ನಿಂತರೆ ಮಂಜು. ಜೋಗಿಮಟ್ಟಿಯಲ್ಲಿ ಇದು ಚೆನ್ನಾಗಿ ಕಾಣುವುದು ಮುಂಗಾರಿನ ಗಾಳಿ ಬೀಸುವ ತಿಂಗಳುಗಳಲ್ಲಿ. ಚಳಿಗಾಲದ ಬೆಳಗಿನಲ್ಲೂ ಕಣಿವೆಗಳಲ್ಲಿ ತೆಳ್ಳಗೆ ಕೂತಿರಬಹುದು, ಬಿಸಿಲೇರಿದರೆ ಕರಗುತ್ತದೆ.

ಹುಲ್ಲಿನ ಮೇಲಿನ ಹರಳು: ಊಟಿ, ಮುನ್ನಾರ್‌ಗಳಲ್ಲಿ ಜನವರಿಯ ಬೆಳಗ್ಗೆ ಹುಲ್ಲು ಬೆಳ್ಳಗಾಗುವುದುಂಟು. ಅದು ಆಕಾಶದಿಂದ ಬಿದ್ದದ್ದಲ್ಲ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಶಾಖ ಕಳೆದುಕೊಂಡು ಸೊನ್ನೆಗಿಂತ ಕೆಳಗಿಳಿದಾಗ ಗಾಳಿಯ ತೇವ ಹುಲ್ಲಿನ ಮೇಲೇ ಹರಳುಗಟ್ಟುತ್ತದೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಅಂದರೆ ಜೋಗಿಮಟ್ಟಿಯ ಹೆಚ್ಚುಕಡಿಮೆ ಎರಡರಷ್ಟು.

ಆಲಿಕಲ್ಲು: 2021ರ ಫೆಬ್ರವರಿಯಲ್ಲಿ ಕೊಡಗಿನ ಶನಿವಾರಸಂತೆ ಭಾಗದಲ್ಲಿ ಭಾರಿ ಆಲಿಕಲ್ಲು ಮಳೆಯಾಗಿ ನೆಲ ಬೆಳ್ಳಗಾಗಿತ್ತು. ಆಲಿಕಲ್ಲು ಹುಟ್ಟುವುದು ಬಿಸಿಯಿಂದ ಮೇಲೆದ್ದ ಗುಡುಗು ಮೋಡದಲ್ಲಿ. ಆದ್ದರಿಂದಲೇ ಅದು ನಮ್ಮಲ್ಲಿ ಹೆಚ್ಚು ಬೀಳುವುದು ಬೇಸಿಗೆಯ ಮಳೆಯ ಜೊತೆ. ಚಳಿಗೂ ಅದಕ್ಕೂ ಸಂಬಂಧ ಕಡಿಮೆ.

ಚಿತ್ರ ಬಂದಾಗ ಮೊದಲು ಮರ ನೋಡಿ. ನೆಟ್ಟಗೆ ಮೊನಚಾದ ದೇವದಾರು ಅಥವಾ ಪೈನ್ ಮರಗಳ ಕಾಡು, ಇಳಿಜಾರು ತಗಡಿನ ಸೂರು ಇದ್ದರೆ ಅದು ಚಿತ್ರದುರ್ಗದ ಗುಡ್ಡವಲ್ಲ. ಗೂಗಲ್ ಲೆನ್ಸ್‌ಗೆ ಹಾಕಿದರೆ ಮೂಲ ಸಿಗುವ ಸಾಧ್ಯತೆ ಇದೆ.

ಹಿಮವಿಲ್ಲದಿದ್ದರೂ ಅಷ್ಟು ನಡುಕ ಯಾಕೆ?

ಗಾಳಿಯ ಕಾರಣದಿಂದ. ನಮ್ಮ ಮೈ ತನ್ನ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರವೊಂದನ್ನು ಇಟ್ಟುಕೊಂಡಿರುತ್ತದೆ. ಬೀಸುವ ಗಾಳಿ ಅದನ್ನು ಕ್ಷಣಕ್ಷಣಕ್ಕೂ ಕಿತ್ತೊಯ್ಯುತ್ತದೆ. ಆದ್ದರಿಂದ ಗಾಳಿಯಿಲ್ಲದ ಕಡೆಯ 9 ಡಿಗ್ರಿಗಿಂತ ಜೋಗಿಮಟ್ಟಿಯಂಥ ಗಾಳಿಗುಡ್ಡದ 9 ಡಿಗ್ರಿ ಹೆಚ್ಚು ಕೊರೆಯುತ್ತದೆ. ಬಟ್ಟೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ‘ಏಷ್ಯಾದಲ್ಲೇ ಅತಿ ಹೆಚ್ಚು ಗಾಳಿ ಬೀಸುವ ಜಾಗ’ ಎಂದು ಜೋಗಿಮಟ್ಟಿಯನ್ನು ಹೊಗಳುವುದುಂಟು. ಚಳಿಗಾಲದಲ್ಲಿ ಎವರೆಸ್ಟ್‌ನಂಥ ಶಿಖರಗಳ ಮೇಲೆ ಗಂಟೆಗೆ 150 ಕಿಲೋಮೀಟರ್ ಮೀರಿದ ಗಾಳಿ ಬೀಸುತ್ತದೆ. ಹಾಗಾಗಿ ಈ ಪಟ್ಟ ಕೊಡಲಾಗದು. ಆದರೆ ಗಾಳಿ ಜೋರು ಎನ್ನುವುದರಲ್ಲಿ ಅನುಮಾನವಿಲ್ಲ.

ಈ ಚಳಿಗೆ ಜನ ಮಾಡುವುದೇನು? ಬಾಗಿಲು, ಕಿಟಕಿ ಭದ್ರವಾಗಿ ಹಾಕಿ, ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗುತ್ತಾರೆ.

ನಿಜವಾದ ಅಪಾಯ ಇದು

2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಬೆಟ್ಟದೂರಿಗೆ ಕೇರಳದ ಪ್ರವಾಸಿಗರ ತಂಡವೊಂದು ಹೋಗಿತ್ತು. ಚಳಿ ತಾಳಲಾರದೆ ಎಂಟು ಮಂದಿ ಒಂದೇ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದರು. ಕಿಟಕಿ, ಬಾಗಿಲು ಮುಚ್ಚಿದ್ದವು. ಆ ಎಂಟೂ ಮಂದಿ ಬದುಕಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು.

ಇದ್ದಿಲು, ಸೌದೆ, ಗ್ಯಾಸ್ ಯಾವುದೇ ಆಗಲಿ, ಸಾಕಷ್ಟು ಆಮ್ಲಜನಕವಿಲ್ಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಆಮ್ಲಜನಕಕ್ಕೆ ಜಾಗವೇ ಇರುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಪ್ರಯಾಣದ ಸುಸ್ತು ಎಂದುಕೊಂಡು ಮಲಗಿದವರಿಗೆ ಎಚ್ಚರವೇ ಆಗದಿರಬಹುದು.

ಇದು ಬೆಟ್ಟದ ಬಂಗಲೆಯ ಮಾತಷ್ಟೇ ಅಲ್ಲ. ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇಡುವ ಅಗ್ಗಿಷ್ಟಿಕೆ, ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್, ಎಂಜಿನ್ ಚಾಲೂ ಇಟ್ಟು ಕಾರಿನಲ್ಲಿ ಮಲಗುವುದು, ಎಲ್ಲದರಲ್ಲೂ ಇದೇ ಅನಿಲದ ಅಪಾಯ.

ನಾಲ್ಕು ನಂಬಿಕೆಗಳು, ನಾಲ್ಕು ಉತ್ತರಗಳು

‘ಹೊಗೆ ಹೋಗಿ ಕೆಂಡವಾದ ಮೇಲೆ ತೊಂದರೆಯಿಲ್ಲ.’ ತಪ್ಪು. ಹೊಗೆಯಿಲ್ಲದೆ ನಿಗಿನಿಗಿ ಹೊಳೆಯುವ ಇದ್ದಿಲೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಹೊಗೆಯಿದ್ದರೆ ಕೆಮ್ಮಾದರೂ ಬಂದು ಎಚ್ಚರಿಸುತ್ತದೆ, ಇಲ್ಲಿ ಅದೂ ಇಲ್ಲ.

‘ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟರೆ ಸಾಕು.’ ತಪ್ಪು. ಈ ಅನಿಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ನೀರು ಕೋಣೆಯ ಒಣಹವೆಯನ್ನು ತುಸು ತಗ್ಗಿಸಬಹುದು, ಜೀವ ಉಳಿಸುವುದಿಲ್ಲ.

‘ಬೆರಳಿಗೆ ಹಾಕುವ ಆಕ್ಸಿಮೀಟರ್ ಸರಿಯಾಗೇ ತೋರಿಸುತ್ತಿದೆ.’ ನಂಬಬೇಡಿ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಈ ಸಾಧನಕ್ಕೆ ಆಮ್ಲಜನಕ ಹೊತ್ತ ರಕ್ತ ಯಾವುದು, ಈ ವಿಷಾನಿಲ ಹೊತ್ತ ರಕ್ತ ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಅಂಕಿ 98 ಇದ್ದರೂ ಅಪಾಯ ಇರಬಹುದು.

‘ಎರಡು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ.’ ಬೆಚ್ಚಗಾದಂತೆ ಅನಿಸುತ್ತದೆ, ಅಷ್ಟೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಒಳಗಿನ ಶಾಖ ಬೇಗ ಹೊರಗೆ ಹೋಗುತ್ತದೆ.

ಬೆಚ್ಚಗಿರುವುದು ಹೇಗೆ?

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆಗಳು ಮೇಲು, ನಡುವೆ ಗಾಳಿ ನಿಲ್ಲುತ್ತದೆ. ಹೊರಗಿನದು ಗಾಳಿ ತಡೆಯುವಂಥದ್ದಾಗಿರಲಿ. ಕಿವಿ, ಪಾದ ಮುಚ್ಚಿ. ಮಲಗುವ ಮುನ್ನ ಬಿಸಿ ಊಟ ಮಾಡಿ. ಹಾಸಿಗೆಯಲ್ಲಿ ಬಿಸಿನೀರಿನ ಚೀಲ ಇಟ್ಟುಕೊಳ್ಳಬಹುದು. ಇದೇ ಜಿಲ್ಲೆಯ ಚಳ್ಳಕೆರೆಯ ಕಂಬಳಿಗಿಂತ ಒಳ್ಳೆಯ ಸಲಹೆ ನಮ್ಮಲ್ಲಿಲ್ಲ. ಕುರಿ ಉಣ್ಣೆಯ ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ, ಮತ್ತು ಅದರಿಂದ ಯಾವ ಅನಿಲವೂ ಹೊರಡುವುದಿಲ್ಲ.

ಹೊರಗೆ ಬೆಂಕಿ ಹಾಕುವ ಆಸೆಯಿದ್ದರೆ ಒಂದು ಮಾತು ನೆನಪಿರಲಿ. ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಜನವರಿಯ ನಂತರ ಜೋಗಿಮಟ್ಟಿಯ ಹುಲ್ಲು ಒಣಗಿ ನಿಂತಿರುತ್ತದೆ, ಮೇಲೆ ಆ ಗಾಳಿ. ಒಂದು ಕಿಡಿ ಸಾಕು. ಹೋಗುವ ಮುನ್ನ ಪ್ರವೇಶದ ಸಮಯ, ತಂಗುವ ಅನುಮತಿ ಎರಡನ್ನೂ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಕೆಂಡ ಅಥವಾ ಹೀಟರ್ ಇರುವ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಕಾರಣ ಹುಡುಕುತ್ತ ಕೂರಬೇಡಿ. ಎಲ್ಲರೂ ತಕ್ಷಣ ಹೊರಗೆ ಬನ್ನಿ, 108 ಅಥವಾ 112ಕ್ಕೆ ಕರೆ ಮಾಡಿ. ಇದಕ್ಕೆ ಆಸ್ಪತ್ರೆಯಲ್ಲಿ ಆಮ್ಲಜನಕವೇ ಮುಖ್ಯ ಚಿಕಿತ್ಸೆ.

ಒಟ್ಟಿನಲ್ಲಿ

ಜೋಗಿಮಟ್ಟಿಯಲ್ಲಿ ಹಿಮ ಬೀಳುವುದಿಲ್ಲ, ಮಂಜು ಕವಿಯುತ್ತದೆ. ಅದನ್ನು ನೋಡಲು ಹೋಗುವುದೇ ಒಂದು ಸುಖ, ಕಾಶ್ಮೀರ ಎನ್ನುವ ಹೆಸರು ಬೇಕಿಲ್ಲ. ಹಿಮದ ಸುಳ್ಳು ಚಿತ್ರ ಫಾರ್ವರ್ಡ್ ಮಾಡಿದರೆ ಯಾರದೋ ಒಂದು ಭಾನುವಾರ ಹಾಳಾಗಬಹುದು. ‘ಕೋಣೆಯಲ್ಲಿ ಕೆಂಡ, ಪಕ್ಕದಲ್ಲಿ ನೀರು’ ಎಂಬ ಸಲಹೆ ಫಾರ್ವರ್ಡ್ ಮಾಡಿದರೆ ಒಂದು ಮನೆಯೇ ಹಾಳಾಗಬಹುದು. ಈ ಚಳಿಗಾಲದಲ್ಲಿ ಮನೆಯ ಗುಂಪಿಗೆ ಏನಾದರೂ ಕಳಿಸುವುದಿದ್ದರೆ ಈ ಒಂದು ಸಾಲು ಕಳಿಸಿ: ಮುಚ್ಚಿದ ಕೋಣೆಯಲ್ಲಿ ಬೆಂಕಿ ಇಟ್ಟುಕೊಂಡು ಮಲಗಬೇಡಿ.