ಪರದೇಶದಲ್ಲಿ ರಹದಾರಿ ಕಳೆದರೆ

ಕೊಳ್ಳೇಗಾಲದ ನಮ್ಮ ಬೀದಿಯ ವೃದ್ಧ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ಪರದೇಶಕ್ಕೆ ಹೊರಟು ನಿಂತಿದ್ದರು. ವಿಮಾನಕ್ಕಾಗಲಿ ಚಳಿಗಾಗಲಿ ಅವರು ಅಂಜಿದವರಲ್ಲ. “ಈ ನೀಲಿ ಪುಸ್ತಕ ಅಲ್ಲೆಲ್ಲಾದ್ರೂ ಕಳ್ದೋದ್ರೆ ನನ್ನ ಗತಿ ಏನು ಮೇಷ್ಟ್ರೇ?” ಎಂಬುದೊಂದೇ ಅವರ ಚಿಂತೆ.

ಹಿಂದಿನವರು ರಹದಾರಿ ಎಂದು ಕರೆಯುತ್ತಿದ್ದ ಪಾಸ್‌ಪೋರ್ಟಿನ ಮಾತು ಅದು. ಕಳೆದುದು ತಿಳಿದೊಡನೆ ಆ ಊರಿನ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ಅದನ್ನು ಹಿಡಿದು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಕಾಲಾವಕಾಶವಿದ್ದರೆ ಹೊಸ ಸಂಖ್ಯೆಯ ಹೊಸ ಪುಸ್ತಕ ದೊರೆಯುತ್ತದೆ. ಅವಸರವಾದರೆ ತುರ್ತು ಪ್ರಮಾಣಪತ್ರವೊಂದನ್ನು ಕೊಡುತ್ತಾರೆ. ಅದು ಭಾರತಕ್ಕೆ ಒಮ್ಮೆ ಮರಳಲು ಮಾತ್ರ. ಕಳೆಯಿತೆಂದು ಬರೆದುಕೊಟ್ಟ ಪುಸ್ತಕವು ರದ್ದಾಗುವುದರಿಂದ, ಮರುದಿನ ಕೋಟಿನ ಜೇಬಿನಲ್ಲೇ ಸಿಕ್ಕರೂ ಪ್ರಯಾಣಕ್ಕೆ ಬಾರದು. ಅದರೊಳಗಿದ್ದ ವೀಸಾಕ್ಕಾಗಿ ಆ ದೇಶದ ವಲಸೆ ಇಲಾಖೆಯ ಬಾಗಿಲನ್ನು ಬೇರೆಯಾಗಿಯೇ ತಟ್ಟಬೇಕು. ಭಾವಚಿತ್ರವಿರುವ ಪುಟದ ಪ್ರತಿಯೊಂದು ಪೆಟ್ಟಿಗೆಯ ತಳದಲ್ಲಿದ್ದರೆ ಅರ್ಧ ಕಷ್ಟ ಕಳೆದಂತೆ. ಇಷ್ಟು ಕೇಳಿ ಆ ತಾಯಿ ನಿಶ್ಚಿಂತರಾದರು.

ಆದರೆ ಇದೇ ಸೀಮೆಯಲ್ಲಿ ಈ ಪ್ರಶ್ನೆಗೆ ಇಷ್ಟು ಸುಲಭದ ಉತ್ತರವಿಲ್ಲದವರೂ ಇದ್ದಾರೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿ, ಮುಸುಕಿನ ಜೋಳದ ಹೊಲಗಳ ನಡುವೆ, 1970ರ ದಶಕದಲ್ಲಿ ನೆಲೆಗೊಂಡ ಟಿಬೆಟನ್ನರ ಧೋಂಡೆನ್‌ಲಿಂಗ್ ವಸತಿಯಿದೆ. ಅವರ ಕೈಯಲ್ಲಿರುವುದು ನೀಲಿಯಲ್ಲ, ಹಳದಿ ಪುಸ್ತಕ. ಅದರ ಹೆಸರು ಗುರುತಿನ ಪ್ರಮಾಣಪತ್ರ. ಕೊಡುವುದು ಭಾರತ ಸರ್ಕಾರವೇ. ಆದರೆ ಅದು ಪ್ರಯಾಣದ ಕಾಗದವೇ ಹೊರತು ಪೌರತ್ವದ ಕಾಗದವಲ್ಲ. ಭಾರತಕ್ಕೆ ಹಿಂದಿರುಗಲು ಆಕ್ಷೇಪವಿಲ್ಲವೆಂಬ ಒಂದು ಸಾಲಿನ ಮುದ್ರೆಯೇ ಅದರ ಜೀವ. ಪರನಾಡಿನಲ್ಲಿ ಅದು ಕಳೆದರೆ ಹೋಗಿ ಕೇಳಲು ಅವರದೇ ದೇಶದ ರಾಯಭಾರಿ ಎಲ್ಲಿಯೂ ಇಲ್ಲ. ನಮ್ಮ ಕಚೇರಿಗೇ ಬರಬೇಕು, ತಾನು ಯಾರೆಂಬುದನ್ನು ಮೊದಲಿನಿಂದ ರುಜುವಾತು ಪಡಿಸಬೇಕು.

ಅಲ್ಲಿನ ಹಿರಿಯರೊಬ್ಬರು ನನಗೆ ಪರಿಚಿತರು. ಹುಟ್ಟಿದ್ದು ಈ ವಸತಿಯಲ್ಲೇ. ಮಾತನಾಡುವ ಕನ್ನಡವೋ ಅಪ್ಪಟ ಕೊಳ್ಳೇಗಾಲದ್ದು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚಿನವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರೆಂದು ಪೌರತ್ವದ ಕಾನೂನು ಹೇಳುತ್ತದೆ. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿ, ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ 2013ರಲ್ಲಿ, ಮತ್ತೆ ದೆಹಲಿಯದು 2016ರಲ್ಲಿ ತೀರ್ಪು ನೀಡಿದವು. 2017ರ ಮಾರ್ಚಿನಲ್ಲಿ ಪಾಸ್‌ಪೋರ್ಟ್ ಕಚೇರಿಗಳಿಗೆ ಆದೇಶವೂ ಹೋಯಿತು. ಆದರೆ ಅದೇ ವರ್ಷ ಬಂದ ಶರತ್ತುಗಳಲ್ಲಿ, ಅರ್ಜಿದಾರನು ಟಿಬೆಟನ್ ವಸತಿಯಲ್ಲಿ ವಾಸಿಸಕೂಡದೆಂಬುದೂ ಒಂದಾಗಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆ ನನಗೆ ತೋರಿತು.

“ನೀವೇಕೆ ನೀಲಿ ಪುಸ್ತಕಕ್ಕೆ ಅರ್ಜಿ ಹಾಕಲಿಲ್ಲ?” ಎಂದು ಕೇಳಿದೆ.

“ಇದೇ ಮನೇಲಿ ನಮ್ಮಪ್ಪ ಸತ್ತದ್ದು. ಮನೆ ಬುಟ್ಟು ಎಲ್ಲಿಗೆ ಹೋಗದು ಸಾ?” ಎಂದರು.

ಮಗಳನ್ನು ನೋಡಲು ಅವರೂ ಪರದೇಶಕ್ಕೆ ಹೋದರು, ಹಳದಿ ಪುಸ್ತಕವನ್ನೇ ಹಿಡಿದು. ಅಂಗಿಯ ಒಳಗೆ ಬಟ್ಟೆಯ ಚೀಲವೊಂದನ್ನು ಹೊಲಿಸಿಕೊಂಡಿದ್ದರು. ನಲವತ್ತು ದಿನವೂ ರಾತ್ರಿ ಮಲಗುವಾಗ ಅದನ್ನು ಬಿಚ್ಚಲಿಲ್ಲವೆಂದು ಬಂದಮೇಲೆ ನಗುತ್ತಾ ಹೇಳಿದರು.